ಟೇಪಿನ ಕೊನೆಯಲ್ಲಿ ಉಳಿದದ್ದು

ನೆಸ್ಟಾ,

ನಮ್ಮ ವೆಲ್ಷ್ ಹಾಡುಗಳ ರೆಕಾರ್ಡನ್ನು ಮತ್ತೆ ಹೊರತರುತ್ತಾರಂತೆ. ಅದಕ್ಕಾಗಿ ಇವತ್ತು ಕಾರ್ಡಿಫ್‌ನಿಂದ ಇಫಾನ್ ಎಂಬುವನು ಬಂದಿದ್ದ. ಕವರಿನ ಮೇಲೆ 'ನೆಸ್ಟಾ ಬ್ರಿನ್‌ಗ್ಲಾಸ್' ಎಂದಿದೆಯಲ್ಲ, ಬ್ರಿನ್‌ಗ್ಲಾಸ್ ಮನೆತನದವರನ್ನು ಹುಡುಕಿಕೊಂಡು ಊರೂರು ಅಲೆದನಂತೆ ಪೆದ್ದ.

"ಅದು ಅವರಪ್ಪನ ತೋಟದ ಮನೆ ಹೆಸರು ಕಣಯ್ಯ. ಇಲ್ಲಿ ಎಲ್ಲರನ್ನೂ ಹಾಗೇ ಕರೆಯೋದು," ಎಂದೆ. ನೀನು ಲಂಡನ್ನಿನಲ್ಲಿ ತೀರಿಕೊಂಡದ್ದನ್ನೂ ನಾನೇ ಹೇಳಬೇಕಾಯಿತು.

ಚಹಾ ಆರುವ ಮೊದಲೇ ಅವನು ಮೂಲ ಟೇಪನ್ನು ಕೇಳಿಸಿದ. ಊರ ಚಾಪೆಲಿನಲ್ಲಿ ಪ್ರಾರ್ಥನೆಗೆ ನುಡಿಸುವ ಹಾರ್ಮೋನಿಯಮ್ಮಿಗೆ ಮೈಕು ಕಟ್ಟಿ ಗಿಟಾರಿನ ಆಂಪ್ಲಿಫೈಯರಿಗೆ ಸಿಕ್ಕಿಸಿದ್ದೆವಲ್ಲ, ಆ ಹುಚ್ಚು ನಾದ ಅಡುಗೆಮನೆಯನ್ನೆಲ್ಲ ತುಂಬಿತು. ಹಾಡು ಮುಗಿದ ಮೇಲೂ ಟೇಪು ಓಡುತ್ತಿತ್ತು. ನಿನ್ನ ದನಿ ಕೇಳಿಸಿತು: "ನನ್ ಜೊತೆ ಲಂಡನ್ನಿಗೆ ಬರ್ತೀಯಾ, ಇಲ್ವಾ? ಈಗ್ಲೇ ಹೇಳು."

ಆಮೇಲೆ ಒಬ್ಬ ಗಂಡಸಿನ ದನಿ: "ಹಾಲು ಕರೆಯೋ ಹೊತ್ತಾಯ್ತು."

ಇಫಾನ್ ನಕ್ಕ. "ಯಾರೀ ಪುಣ್ಯಾತ್ಮ? ಇದನ್ನ ಕತ್ತರಿಸಿ ಹಾಕ್ಲಾ?"

"ಇರ್ಲಿ ಬಿಡು," ಎಂದೆ. ಅದು ನನ್ನದೇ ದನಿಯೆಂದು ಅವನಿಗೆ ಹೇಳಲಿಲ್ಲ.

ಅವನು ಹೋದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನೆಸ್ಟಾ. ಮತ್ತೆ ಮತ್ತೆ ಕೊಟ್ಟಿಗೆಗೆ ಹೋಗಿ ಬರುತ್ತಿದ್ದೇನೆ. ಹಸುಗಳನ್ನು ಮಾರಿ ಎಷ್ಟೋ ವರ್ಷವಾಯಿತು.