ಒಳಗೆ ಹೋದ ಬಾಣಗಳು

ಜೂನ್ ೧೪, ಭಾನುವಾರ

ಪ್ರೀತಿಯ ಯಾಕಮ್ಮನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಡೈರಿಯನ್ನಾದರೆ ದಿನಾ ಬರೆಯುತ್ತೇನೆ. ಅದನ್ನು ಯಾರೂ ಓದುವುದಿಲ್ಲ, ಹೇಗೆ ಬರೆದರೂ ನಡೆಯುತ್ತದೆ. ಎಂ.ಬಿ.ಎ. ಓದುವ ಸೊಸೆಗೆ ಏಳನೇ ಕ್ಲಾಸಿನ ಅತ್ತೆ ಬರೆಯುವಾಗ ಪೆನ್ನಿಗೇ ಹೆದರಿಕೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಒಂದು ಮಾತು ಹುಡುಕುವಷ್ಟರಲ್ಲಿ ಆಚೆಯಿಂದ ನೀನು "ಯಾಕತ್ತೆ? ಯಾಕೆ ಸುಮ್ನಾದ್ರಿ?" ಎಂದು ಶುರು ಮಾಡುತ್ತೀಯ. ನನ್ನ ಮಗ ನಿನಗೆ ಯಾಕಮ್ಮ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ನಾನು ಚೆನ್ನಾಗಿದ್ದೇನೆ. ಮಂಡಿ ಬೆಳಿಗ್ಗೆ ಮುನಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ರಾಜಿಯಾಗುತ್ತದೆ. ನಮ್ಮ ಸೂಜಿಮಾಮನಿಗೆ ಕಣ್ಣಿನ ಆಪರೇಷನ್ ಆಯಿತು. ನಿನ್ನ ಮಾವನ ಕಾಲದಿಂದ ನಮ್ಮ ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಹೊಲಿಯುತ್ತಿರುವವರು, ಈಗ ಒಂದೇ ಸಲಕ್ಕೆ ದಾರ ಪೋಣಿಸುತ್ತಾರೆ. ಪಟ್ಟಿ ಬಿಚ್ಚಿದ ಮೊದಲ ದಿನವೇ ತಮ್ಮ ಹಳೆಯ ಹೊಲಿಗೆಯೊಂದನ್ನು ಕೈಯಲ್ಲಿ ಹಿಡಿದು, "ನಾನು ಇಷ್ಟು ಸೊಟ್ಟಗೆ ಹೊಲೀತಿದ್ನಾ? ಒಬ್ಬರಾದ್ರೂ ಹೇಳ್ಬಾರದಾ ತಾಯಿ!" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ನಮ್ಮ ಅಂಗಡಿಯ ಕೆಲಸವನ್ನು ವೃತ್ತ, ಬಾಣಗಳಲ್ಲಿ ಬರೆದ ಆ ನಿನ್ನ ಚಿತ್ರವನ್ನು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಕಾಲೇಜಿನ ಕೆಲಸಕ್ಕೆಂದು ನೀನು ಅಂಗಡಿಯ ಸ್ಟೂಲಿನ ಮೇಲೆ ಕೂತು, ಬ್ಯಾಗ್ ಬಂದರೆ ಯಾರು ತಗೋತಾರೆ, ಆಮೇಲೆ ಯಾರಿಗೆ ಕೊಡ್ತಾರೆ, ಯಾಕೆ, ಎಂದು ನಮ್ಮ ಜೀವ ತಿಂದದ್ದು ನೆನಪಿದೆಯೇ? ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್ಸ್ ಎಂಬ ವಿಷಯವಂತೆ. ನೋಡು, ನಿನ್ನ ಪುಸ್ತಕದಿಂದ ಒಂದೊಂದೇ ಅಕ್ಷರ ನೋಡಿಕೊಂಡು ಬರೆದೆ. ಸೂಜಿಮಾಮ ಅದೇನು ಓದು ಎಂದು ಕೇಳಿದಾಗ ನೀನು, "ಕೆಲಸದ ಜಾಗದಲ್ಲಿ ಯಾವ ಸುದ್ದಿ ಯಾರಿಂದ ಯಾರಿಗೆ ಹೋಗುತ್ತೆ, ಎಲ್ಲಿ ನಿಂತುಬಿಡುತ್ತೆ ಅಂತ ತಿಳ್ಕೊಳ್ಳೋದು ಮಾಮ" ಎಂದೆ. ಅವರು, "ಅದಕ್ಕೆ ಎರಡು ವರ್ಷ ಓದ್ಬೇಕಾ? ಎದುರುಗಡೆ ಇಸ್ತ್ರಿಯವನನ್ನ ಕೇಳು, ಬೀದಿದೆಲ್ಲಾ ಹೇಳ್ತಾನೆ" ಎಂದರು. ಎಲ್ಲರೂ ನಕ್ಕೆವು. ನನ್ನ ಮಗ ಹೋದ ಮೇಲೆ ನಮ್ಮ ಅಂಗಡಿಯಲ್ಲಿ ನಗು ಕೇಳಿಸಿದ್ದು ಅದೇ ಮೊದಲು.

ಆಮೇಲೆ ನಿಮ್ಮ ಪ್ರೊಫೆಸರು ಆ ಚಿತ್ರವನ್ನು ಇಡೀ ಕ್ಲಾಸಿನ ಮುಂದಿಟ್ಟು ಒಂದು ವೃತ್ತದ ಮೇಲೆ ಬೆರಳಿಟ್ಟರಂತೆ. "ಇದರೊಳಗೆ ಬಾಣಗಳು ಹೋಗ್ತಾ ಇವೆ, ಒಂದೂ ಆಚೆ ಬರ್ತಿಲ್ಲ. ಹೀಗಿರೋಕೆ ಸಾಧ್ಯ ಇಲ್ಲ. ಏನೋ ಬಿಟ್ಟಿದ್ದೀರ. ಇದು ಯಾರು?" ನೀನು "ನಮ್ಮತ್ತೆ ಸರ್" ಎಂದೆಯಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ನೀನು ನಗಲಿಲ್ಲ. ನೀನು ಏನನ್ನೂ ಬಿಟ್ಟಿರಲಿಲ್ಲ, ಕಂಡದ್ದನ್ನೇ ಬರೆದಿದ್ದೆ.

ಅವನು ಹಟ ಹಿಡಿದು ನಿನ್ನನ್ನು ಓದಲು ಸೇರಿಸಿದ. ಆರು ತಿಂಗಳು ಕಳೆಯುವಷ್ಟರಲ್ಲಿ ಜ್ವರ ಬಂದು ಹೋಗಿಯೇಬಿಟ್ಟ. ಅವನು ರಿಪೇರಿಗೆಂದು ತೆಗೆದುಕೊಂಡಿದ್ದ ಬ್ಯಾಗುಗಳನ್ನೆಲ್ಲ ನಾನು ಒಳಕೋಣೆಯಲ್ಲಿ ಪರದೆಯ ಹಿಂದೆ ಪೇರಿಸಿಟ್ಟೆ. ಒಂದೊಂದರ ಮೇಲೂ ವಾಪಸು ಕೊಡುವ ದಿನ ಸೀಮೆಸುಣ್ಣದಲ್ಲಿ, ಅವನ ಕೈಬರಹದಲ್ಲಿ. ಬ್ಯಾಗ್ ಕೊಡಬೇಕಾದರೆ ಅದನ್ನು ಒರೆಸಬೇಕು. ಕೇಳಲು ಬಂದವರಿಗೆಲ್ಲ "ಇನ್ನೂ ಆಗಿಲ್ಲ, ಮುಂದಿನ ವಾರ ಬನ್ನಿ" ಎನ್ನುತ್ತಿದ್ದೆ. ಪಾಪ, ವಿಷಯ ಗೊತ್ತಿದ್ದವರು ಎರಡನೇ ಸಲ ಕೇಳಲಿಲ್ಲ.

ನೀನು ಮನೆಗೆ ಬಂದು ಆ ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟು ಮೆಲ್ಲಗೆ ಕೇಳಿದೆ. "ಬ್ಯಾಗುಗಳು ನಿಮ್ಮ ಹತ್ರ ಬಂದ್ವು. ಆಮೇಲೆ ಅತ್ತೆ?" ನೀನು ಪೆನ್ಸಿಲ್ ಹಿಡಿದು ಕಾಯುತ್ತ ಕೂತೆ. "ಆಮೇಲೆ?" ಮನೆಗೆ ಬಂದವರೆಲ್ಲ ಸಮಾಧಾನ ಮಾಡ್ಕೊಳ್ಳಿ ಎಂದು ಹೇಳಿ ಹೋಗಿದ್ದರು, ಆಮೇಲೆ ಎಂದು ಕೇಳಿದವಳು ನೀನೊಬ್ಬಳೇ. ಅಂದು ನಾನು ಬಾಯಿಬಿಟ್ಟು ಅತ್ತೆ. ಗಂಡನನ್ನು ಕಳೆದುಕೊಂಡವಳು ನೀನು, ನನ್ನ ಕಣ್ಣೊರೆಸಿದವಳೂ ನೀನೇ. ನಿನಗೂ ನಿನ್ನ ಓದಿಗೂ ನಾನು ಋಣಿ. ಅಂದು ನಕ್ಕ ಆ ಹುಡುಗ ಹುಡುಗಿಯರೂ ನೂರ್ಕಾಲ ಬಾಳಲಿ.

ಈಗ ಸುದ್ದಿ ಕೇಳು. ಬ್ಯಾಗುಗಳು ಹೊರಟವು! ಸೂಜಿಮಾಮ ಒಂದೊಂದೇ ಈಚೆ ತಂದು ಜಿಪ್ಪು, ಹಿಡಿ, ಚಕ್ರ ಎಲ್ಲ ಸರಿ ಮಾಡಿದರು. ನಾನು ಒದ್ದೆ ಬಟ್ಟೆ ಹಿಡಿದು ಕೂತೆ. ಮೊದಲನೆಯದನ್ನು ಒರೆಸುವ ಮುಂಚೆ ಆ ಅಕ್ಷರವನ್ನು ಮೂರು ಸಲ ಓದಿದೆ. ಆಮೇಲಾಮೇಲೆ ಅಷ್ಟಿಲ್ಲ. ಮೊನ್ನೆ ಆಸ್ಪತ್ರೆಯ ನರ್ಸಮ್ಮ ಬಂದವರು ತಮ್ಮ ಬ್ಯಾಗ್ ನೋಡಿ, "ಅಬ್ಬಾ, ನಮ್ಮ ವಾರ್ಡಲ್ಲೂ ಇಷ್ಟು ದಿನ ಯಾರನ್ನೂ ಅಡ್ಮಿಟ್ ಮಾಡ್ಕೊಳ್ಳಲ್ಲ ಕಣ್ರೀ!" ಎಂದು ನಾಲಗೆ ಕಚ್ಚಿಕೊಂಡರು. ಅವನು ಕಡೆಗೆ ಮಲಗಿದ್ದು ಅವರ ವಾರ್ಡಿನಲ್ಲೇ ಅಲ್ಲವೇ. ನನಗೆ ನಗು ಬಂತು, ನಿಜವಾಗಿ. ನಾನು ಒರೆಸಲು ಹೋದಾಗ ಅವರು ಕೈ ಹಿಡಿದರು. "ಬಿಡೀಮ್ಮ. ಮಳೆ ಬಂದಾಗ ಅದಾಗೇ ಹೋಗುತ್ತೆ. ಅಲ್ಲಿವರೆಗೂ ನಾನೇ ಹೊತ್ಕೊಂಡು ಓಡಾಡ್ತೀನಿ." ಅವನ ಅಕ್ಷರ ಹೆಗಲಿಗೆ ಹಾಕಿಕೊಂಡು ಅವರು ರಸ್ತೆ ದಾಟುವುದನ್ನು ನೋಡುತ್ತ ನಿಂತಿದ್ದೆ.

ಇನ್ನು ನೀನು ಕೇಳಿದ್ದು. ದೂರದ ಊರಿನಲ್ಲಿ ಕೆಲಸ ಸಿಕ್ಕಿದೆ, "ನೀವು ಬೇಡ ಅಂದ್ರೆ ಬಂದ್ಬಿಡ್ತೀನಿ, ಅಂಗಡಿ ನೋಡ್ಕೋತೀನಿ" ಎಂದು ಬರೆದಿದ್ದೀಯ. ಉತ್ತರ ತಡವಾದದ್ದು ಇದಕ್ಕೇ. ಬಂದುಬಿಡು ಎಂದು ಮನಸ್ಸು ದಿನಾ ಹೇಳುತ್ತಿತ್ತು. ದಿನಾ ತಲೆಯೆತ್ತಿ ಗೋಡೆಯ ಮೇಲಿನ ನನ್ನ ವೃತ್ತವನ್ನು ನೋಡುತ್ತಿದ್ದೆ. ಅದರೊಳಗೆ ನೀನೂ ಬಂದು ಕೂರುವುದು ಬೇಡ ಮಗಳೇ. ಹೋಗು. ಆ ಆಫೀಸಿನವರನ್ನೂ ಯಾಕೆ ಯಾಕೆ ಎಂದು ಕೇಳಿ ಸುಸ್ತು ಮಾಡು. ಮುಂದೆ ಯಾರಾದರೂ ಜೊತೆಗೆ ಸಿಕ್ಕರೆ, ಅತ್ತೆ ಏನಂದುಕೊಳ್ಳುತ್ತಾರೋ ಎಂದು ಮುಚ್ಚಿಡಬೇಡ. ಅತ್ತೆ ಸಂತೋಷಪಡುತ್ತಾಳೆ. ಮೊದಲು ಸ್ವಲ್ಪ ಅಳುತ್ತಾಳೆ, ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೊಟ್ಟೆ ತಣ್ಣಗಿರಲಿ, ಹೋದಲ್ಲಿ ನಾಲ್ಕು ಜನ ನಿನ್ನವರಾಗಲಿ.

ಇತಿ, ನಿನ್ನ ಅತ್ತೆ
(ಜಗಳವಾಡುವಾಗ ನೀನು ಕರೆಯುವಂತೆ, ಅಮ್ಮ)

ಇನ್ನೊಂದು ಮಾತು. ಬ್ಯಾಗುಗಳು ಹೊರಟವು ಎಂದು ಬರೆದೆನಲ್ಲ, ಒಂದು ಉಳಿದಿದೆ. ನನ್ನದೇ, ಆ ಕಂದು ಕೈಚೀಲ. ಅದರ ಜಿಪ್ಪಿನ ರನ್ನರ್ ಕಿತ್ತುಬಂದಿತ್ತು. ಆ ಸೋಮವಾರ ಅವನ ಮುಂದಿಟ್ಟರೆ "ಗಿರಾಕಿಗಳದ್ದು ಮೊದಲು" ಎಂದವನೇ ಅದರ ಮೇಲೂ "ಗುರುವಾರ" ಎಂದು ಬರೆದ. "ಹೆತ್ತವಳಿಗೂ ವಾಯಿದೆ ಹಾಕ್ತೀಯೇನೋ?" ಎಂದೆ. "ಕ್ಯೂನಲ್ಲಿ ಬನ್ನಿ ಮೇಡಂ" ಎಂದ. ಬುಧವಾರ ಜ್ವರ ಬಂತು.

ಸೂಜಿಮಾಮ ದಿನಾ ಕೇಳುತ್ತಾರೆ, "ಕೊಡಿ ತಾಯಿ, ಒಂದು ನಿಮಿಷದ ಕೆಲಸ." ನಾನು ಕೊಟ್ಟಿಲ್ಲ. ಪರದೆಯ ಹಿಂದೆ ಅದೊಂದೇ ಇದೆ. ಅಲ್ಲಿಗೆ ಮಳೆಯೂ ಬೀಳುವುದಿಲ್ಲ.

ನಿಮ್ಮ ಪ್ರೊಫೆಸರನ್ನು ಒಂದು ಮಾತು ಕೇಳು. ಇಷ್ಟು ದೊಡ್ಡ ಚಿತ್ರದಲ್ಲಿ ಒಂದೇ ಒಂದು ಬಾಣ ಒಳಗೇ ಉಳಿದರೆ ನಡೆಯುತ್ತದೆಯೇ?