ಸ್ಪಂದನಳನ್ನು ಕರೆತರುವ ಮುಂಚೆ

ಗೆಟ್ಟವಾಡಿ
ಜನವರಿ ೨೨, ೨೦೨೫

ಜೀವದ ಗೆಳತಿ ಪರಿಮಳಾ,

ಭಾನುವಾರದಿಂದ ಸ್ಪಂದನಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡು, ಮಗಳನ್ನು ನಾನೇ ತಾಳವಾಡಿಗೆ ಕರೆತರುತ್ತೇನೆ ಎಂದಿದ್ದೀಯ. ಅದಕ್ಕೆ ಮುಂಚೆ ಇದು ನಿನ್ನ ಕೈ ಸೇರಲಿ ಎಂದು, ದಿನಾ ನಿಮ್ಮ ಚಾಮರಾಜನಗರಕ್ಕೆ ಹೋಗಿಬರುವ ಜಡೇಸ್ವಾಮಿಯ ಕೈಲಿ ಕಳಿಸುತ್ತಿದ್ದೇನೆ. ಫೋನು ಮಾಡಬಹುದಿತ್ತು. ನಾಲ್ಕು ಸಲ ನಿನ್ನ ನಂಬರ್ ಒತ್ತಿ, ನೀನು ಎತ್ತುವ ಮೊದಲೇ ಕಟ್ ಮಾಡಿದೆ. ನೀನು ತಿರುಗಿ ಮಾಡಿದಾಗ, ಮೊಬೈಲು ಜೇಬಿನಲ್ಲಿ ತಾನೇ ಒತ್ತಿಕೊಂಡಿತು ಎಂದು ಸುಳ್ಳು ಹೇಳಿದೆ.

ನಾನು ಊರಿಗೆ ಬಂದು ಎಂಟು ತಿಂಗಳಾಯಿತು. ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಐದಕ್ಕೇ ಎಚ್ಚರ. ಹದಿನೇಳು ವರ್ಷ ಬ್ಯಾಂಕಿನ ತಂಡಕ್ಕೆ ಆಡಿದ ಮೈ, ಇವತ್ತು ಪ್ರಾಕ್ಟೀಸಿಲ್ಲ ಎಂದರೆ ಕೇಳುವುದಿಲ್ಲ. ಎರಡು ಸಲ ಆಪರೇಷನ್ ಆದ ಮಂಡಿ ಮಾತ್ರ ಏಳಬೇಡ ಎನ್ನುತ್ತದೆ. ಆದರೂ ಎದ್ದು ಅರಿಶಿನದ ಹೊಲದ ಬದುವಿನ ಮೇಲೆ ಇಪ್ಪತ್ತೆಂಟು ಹೆಜ್ಜೆ ಹೋಗಿ, ತಿರುಗಿ, ಇಪ್ಪತ್ತೆಂಟು ಹೆಜ್ಜೆ ಬರುತ್ತೇನೆ. ಕೋರ್ಟಿನ ಉದ್ದ ಕಾಲಿಗೆ ಅಂಟಿಕೊಂಡುಬಿಟ್ಟಿದೆ. ಹೊಲಕ್ಕೆ ಆನೆ ನುಗ್ಗದಂತೆ ಕಾಯುವವರೂ ಇಷ್ಟು ತಿರುಗುವುದಿಲ್ಲ ಎಂದು ಅವ್ವ ಬಯ್ಯುತ್ತಾಳೆ.

ಹೋದ ತಿಂಗಳು ತಾಳವಾಡಿ ಶಾಲೆಯವರು ನನಗೆ ಸನ್ಮಾನ ಮಾಡಿದರಲ್ಲ, ಅಲ್ಲಿಂದ ಇದು ಹೆಚ್ಚಾಯಿತು. ಹೊಲಿಗೆ ಅಂಗಡಿಯ ಬಾಗಿಲು ಹಾಕಿಕೊಂಡು ನೀನೂ ಬಂದಿದ್ದೆ. "ನಾನು ಹಾಸ್ಟೆಲ್ ಬಿಟ್ಟು ಬಂದ ದಿನ ರಂಜಿತ ನನ್ನ ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿನ ತನಕ ಅತ್ತುಕೊಂಡು ಬಂದಳು" ಎಂದು ನೀನು ಮೈಕಿನಲ್ಲಿ ಹೇಳಿದೆಯಲ್ಲ, ಜನ ಚಪ್ಪಾಳೆ ತಟ್ಟಿದರು. ಶಾಲು ಹೊದ್ದು ಕೂತಿದ್ದ ನನಗೆ ಬೆವರು ಇಳಿಯಿತು.

ಅತ್ತಿದ್ದು ನಿಜ. ಯಾಕೆ ಎಂದು ಈಗ ಹೇಳುತ್ತೇನೆ.

ಈರೋಡಿನ ಕ್ರೀಡಾ ಹಾಸ್ಟೆಲಿಗೆ ಇಲ್ಲಿಂದ ಹೋದವರು ನಾವಿಬ್ಬರೇ. ಬಸ್ಸು ದಿಂಬಂ ಘಾಟಿ ಇಳಿಯುವಾಗ ತಿರುವು ತಿರುವಿಗೂ ನಿನಗೆ ವಾಂತಿ. ನಿಂಬೆಹಣ್ಣು ಮೂಸಿಕೊಂಡು ನನ್ನ ತೊಡೆಯ ಮೇಲೆ ಮಲಗುತ್ತಿದ್ದೆ. ನಿನ್ನವ್ವ ಮಾದಿ ನಮ್ಮ ಹೊಲದಲ್ಲೇ ಅರಿಶಿನ ಕೀಳುತ್ತಿದ್ದಳು. ಊರಿನಲ್ಲಿ ನೀನು ನಮ್ಮ ಜಗುಲಿಯಾಚೆ ನಿಲ್ಲುತ್ತಿದ್ದೆ, ಹಾಸ್ಟೆಲಿನಲ್ಲಿ ನಮ್ಮಿಬ್ಬರಿಗೂ ಒಂದೇ ತಟ್ಟೆ. ಆಟಕ್ಕೆ ಇಳಿದರೆ ನೀನೇ ಮುಂದೆ. ನಾನು ಎತ್ತರವಿದ್ದೆ, ಅಷ್ಟೆ. ಬಲಕ್ಕೆ ಹೋಗುವವಳಂತೆ ಭುಜ ಬಗ್ಗಿಸಿ ಎಡಗೈಯಲ್ಲಿ ಚೆಂಡು ಹಾಕಿಬಿಡುತ್ತಿದ್ದೆಯಲ್ಲ, ಮುಂದೆ ಎಷ್ಟೋ ರಾಜ್ಯಗಳ ಆಟಗಾರ್ತಿಯರನ್ನು ತಡೆದ ನನಗೆ ಅದನ್ನು ತಡೆಯುವುದು ಇವತ್ತಿಗೂ ಗೊತ್ತಿಲ್ಲ.

ಬ್ಯಾಂಕಿನ ತಂಡದ ಆಯ್ಕೆಯ ಹಿಂದಿನ ದಿನ ನಿನ್ನ ಕಾಲು ಉಳುಕಿ ಊದಿಕೊಂಡಿತು. ಇದ್ದದ್ದು ಒಂದೇ ಜಾಗ. ನೀನು ಎರಡು ಜೊತೆ ಕಾಲುಚೀಲದ ಮೇಲೆ ಶೂ ಬಿಗಿದು, ನಾಳೆ ಒಂದು ದಿನ ಓಡಿದರೆ ಸಾಕು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೆ. ಸಂಜೆ ನಾನು ಬಟ್ಟೆ ಒಣಗಿಸಲು ಹೋಗುತ್ತೇನೆಂದು ಎದ್ದು, ನೇರ ಹೋಗಿ ಕೋಚ್ ಸರ್ ಬಾಗಿಲು ತಟ್ಟಿದೆ. ನನ್ನನ್ನು ಯಾರೂ ಕರೆದಿರಲಿಲ್ಲ.

ಆ ಕಾಲಲ್ಲಿ ಓಡಿದ್ದರೆ ಮೂಳೆಯೇ ಮುರಿಯುತ್ತಿತ್ತು, ಗೆಳತಿಯ ಕಾಲು ಉಳಿಸಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ನೀನು ಓಡಿದರೆ ನಾನು ಊರಿಗೆ ವಾಪಸು ಬರಬೇಕಾಗುತ್ತದೆ ಎಂಬ ಭಯಕ್ಕೆ ನಿನ್ನ ಕಾಲಿನ ವಿಷಯ ಸರ್‌ಗೆ ಹೇಳಿದೆ. ಬೆಳಿಗ್ಗೆ ಸರ್ ಎಲ್ಲರೆದುರು ನಿನ್ನ ಶೂ ಬಿಚ್ಚಿಸಿ ಊದಿದ ಕಡೆ ಅದುಮಿದರು. ನೀನು ತುಟಿ ಕಚ್ಚಿಕೊಂಡರೂ ದನಿ ಹೊರಗೆ ಬಂತು. ನಿನ್ನನ್ನು ಬೆಂಚಿಗೆ ಕೂರಿಸಿದರು. ಆವತ್ತು ನಾನು ಇಪ್ಪತ್ತೆರಡು ಪಾಯಿಂಟ್ ಹಾಕಿದೆ.

ಆಮೇಲೆ ಕೆಲಸ, ಚೆನ್ನೈ, ವಿಮಾನ, ಪೇಪರಿನಲ್ಲಿ ಫೋಟೊ. ಕೊಯಮತ್ತೂರಿನ ಕೊನೆಯ ಮ್ಯಾಚಿನಲ್ಲಿ ಮಂಡಿ ಹಿಡಿದು ಕೂತಾಗ, ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರು ಗದರಿದರು. ಎರಡು ವರ್ಷ ನೋವು ಮುಚ್ಚಿಟ್ಟು ಆಡಿದ್ದೆ. ತಂಡದವರಿಗೆಲ್ಲ ಗೊತ್ತಿತ್ತು. ಒಬ್ಬಳೂ ಬಾಯಿ ಬಿಟ್ಟಿರಲಿಲ್ಲ.

ನಿನ್ನ ಮಗಳಿಗೆ ಕಲಿಸಬೇಕೆಂದು ಕೈ ತುರಿಸುತ್ತಿದೆ. ಆದರೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಹುಡುಗಿಯ ಎದುರು ನಿಲ್ಲಲಾರೆ. ಕ್ಷಮಿಸು ಎಂದು ಎರಡು ಸಲ ಬರೆದು ಹೊಡೆದುಹಾಕಿದೆ, ಕೇಳುವ ಮುಖ ನನಗಿಲ್ಲ. ನೀವು ಬಂದರೂ ಬರದಿದ್ದರೂ ಭಾನುವಾರ ಏಳಕ್ಕೆ ನಾನು ಶಾಲೆಯ ಮೈದಾನದಲ್ಲಿರುತ್ತೇನೆ.

ನಿನಗೆ ಕೊಟ್ಟ ಆಣೆ ಮುರಿದವಳು,
ರಂಜಿತ

ತಾ.ಕ.: ಕವರು ಅಂಟಿಸುವಾಗ ಅವ್ವ ಬಂದು, ಮೂರು ದಿನದಿಂದ ಏನು ಬರೆಯುತ್ತಿದ್ದೀಯ ಎಂದು ಕೇಳಿದಳು. ಎಲ್ಲ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಲೇ, "ಅದು ಪರಿಮಳ್ಗ ಗೊತ್ತು ಕಣವ್ವ" ಎಂದಳು. ಕೋಚ್ ಸರ್ ಆವತ್ತೇ ನಿನಗೆ ಹೇಳಿದ್ದರಂತೆ. ಊರಿಗೆ ಬಂದವಳೇ ನೀನು ನಮ್ಮ ಮನೆ ಮುಂದೆ ನಿಂತು ಅತ್ತು, ಹೋಗುವಾಗ ತಿರುಗಿ ಬಂದು, "ನಂಗ ಗೊತ್ತು ಅಂತ ತಿಳುದ್ರ ಅವಳ ಆಟ ಕೆಟ್ಟೋಯ್ತದ, ಅವಳ್ಗ ಏಳ್ಬ್ಯಾಡಿ ಅವ್ವೋರೆ" ಎಂದೆಯಂತೆ. ಹದಿನೆಂಟು ವರ್ಷ ನನ್ನಿಂದ ಯಾಕವ್ವ ಮುಚ್ಚಿಟ್ಟೆ ಎಂದು ಅವ್ವನನ್ನು ಕೇಳಿದೆ.

"ನೀ ಆಡ್ತಿದ್ದಲ್ಲ. ಈಗ ಆಡಾದ ಬುಟ್ಟಿದ್ದೀಯ, ಅದ್ಕ ಏಳ್ದೆ" ಎಂದಳು.