ಡಬ್ಬ ನನ್ನದು, ಆಂಟೆನಾ ಅಣ್ಣನದು

12-1-97, ಭಾನುವಾರ, ಬೆಳಿಗ್ಗೆ 7
ಎದ್ದೆ. ಹಾಲು ತಂದೆ. ಟಿ.ವಿ. ಹಾಕಿದೆ. ಎಂದಿನಂತೆ ಚಿತ್ರವಿಲ್ಲ, ಬರೀ 'ಸೊಯ್'. ಹತ್ತು ನಿಮಿಷ ಕೇಳಿದೆ. ಇವತ್ತಿನ 'ಸೊಯ್' ಕೊಂಚ ತೆಳು — ಮೋಡವಿರಬಹುದು.

ಹೆಂಡತಿ ಅಣ್ಣಮ್ಮ ಒಲೆ ಮುಂದಿನಿಂದಲೇ: "ಇನ್ನೂರು ರೂಪಾಯಿ ಬಿಸಾಕಿ ಒಂದ್ ಆಂಟೆನಾ ತರಕ್ಕಾಗಲ್ವ? ಒಗ್ಗರಣೆ ಸದ್ದು ಕೇಳ್ಕಂಡು ಕೂತವ್ರೆ!"

ತರುವುದಿಲ್ಲ. ತಂದರೆ ಅಣ್ಣ ಗೆದ್ದಂತೆ.

92ರಲ್ಲಿ ಪಾಲಾಯಿತು. ಮನೆ ನಡುವೆ ಗೋಡೆ ಎದ್ದಿತು. ಗದ್ದೆ, ಹಸು, ಹಂಡೆ ಎಲ್ಲ ಸಲೀಸು. ಅಪ್ಪ 84ರಲ್ಲಿ ತಂದ ಕಪ್ಪುಬಿಳುಪು ಟಿ.ವಿ. ಹತ್ತಿರ ಬಂದು ನಿಂತಿತು ಜಗಳ. ನಾನೂ ಬಿಡೆ, ನಾಗರಾಜಣ್ಣನೂ ಬಿಡ. ಪಂಚಾಯ್ತಿಗೆ ಕೂತ ಮರಿಯಯ್ಯನವರು, "ಒಳಗಿರೋದು ಚಿಕ್ಕೋನ್ಗೆ, ತಾರಸಿ ಮ್ಯಾಲಿರೋದು ದೊಡ್ಡೋನ್ಗೆ" ಎಂದು ತೀರ್ಪು ಕೊಟ್ಟು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಡಬ್ಬ ನನಗೆ ಬಂತು. ಆಂಟೆನಾ ಅವನಿಗೆ ಹೋಯಿತು. ಅವನು ಆಮೇಲೆ ಬಣ್ಣದ ಟಿ.ವಿ. ತಂದ, ಕೇಬಲ್ ಎಳೆಸಿದ. ಆಂಟೆನಾ ಬಿಚ್ಚಿ ಕೊಡಲಿಲ್ಲ. ಅದರ ಮೇಲೆ ಕಾಗೆ ಕೂರುತ್ತದೆ.

ಐದು ವರ್ಷ. ಒಂದು ಮಾತಿಲ್ಲ.

ಅವನಿಗೆ ಕೊಂಬು, ನನಗೆ ಡಬ್ಬ —
ನಡುವಿನ ಗೋಡೆಗೆ ದಿನವೂ ಹಬ್ಬ.

26-1-97
ಆಫೀಸಿನಲ್ಲಿ ಬಾವುಟ, ಬೂಂದಿ. ಮಧ್ಯಾಹ್ನ ಚಿಕ್ಕಸ್ವಾಮಿ ಬಂದ. ಪಾಂಡವಪುರದಲ್ಲಿ ಆರ್ಕೆಸ್ಟ್ರಾ ನಡೆಸುತ್ತಾನೆ; ಹಳೇ ಕ್ಯಾಸಿಯೊ ಕೀಬೋರ್ಡು ನನಗೆ ದಾಟಿಸಿದವನೂ ಅವನೇ. ಅದು ಒಂದೂವರೆ ಸೆಕೆಂಡು ಯಾವ ಸದ್ದನ್ನಾದರೂ ನುಂಗುತ್ತದೆ, ಆಮೇಲೆ ಬೇಕಾದ ಸ್ವರದಲ್ಲಿ ಉಗುಳುತ್ತದೆ. ಜೊತೆಗಿದ್ದ ಪುಸ್ತಕ ಇಂಗ್ಲಿಷು. ಕನ್ನಡ ಮೀಡಿಯಂ ಬಿ.ಎ.ಗೆ ಬೆರಳೇ ನಿಘಂಟು.

ಇದುವರೆಗೆ ನುಂಗಿಸಿದ್ದು: ನಮ್ಮ 'ಸೊಯ್'. ಚಾನೆಲ್ ತಿರುಪಿನ ಟಕಟಕ. ಕಾರ್ಯಕ್ರಮಕ್ಕೆ ಮುಂಚೆ ಪಟ್ಟೆಪಟ್ಟೆ ಪರದೆಯೊಂದಿಗೆ ಬರುವ 'ಕೂ' — ಅದನ್ನು ಕೆ.ಆರ್. ಪೇಟೆಯ ಷಡ್ಡಕನ ಮನೆಯಲ್ಲಿ ಟೇಪ್ ಮಾಡಿಕೊಂಡು ಬಂದೆ. ಎಲ್ಲ ಪೋಣಿಸಿ ಬಾರಿಸಿದೆ. ಚಿಕ್ಕಸ್ವಾಮಿ ಕಣ್ಣು ಮುಚ್ಚಿ ಕೇಳಿದ.

"ಲೇ, ಭಾನ್ವಾರ ಸಾಯಂಕಾಲ ಬೀದಿ ಜನ ಎಲ್ಲಾ ನಮ್ಮನೆ ನಡುಮನೇಲಿ ಕೂತಂಗಾಯ್ತು ಕಣ್ಲಾ! ಫೆಬ್ರವರಿ ಇಪ್ಪತ್ಮೂರಕ್ಕೆ ನಾಗಮಂಗಲದಲ್ಲಿ ಪ್ರೋಗ್ರಾಂ. ಐದ್ ನಿಮಿಷ ನಿಂಗೆ ಬುಟ್ಕೊಡ್ತೀನಿ. ಆದ್ರೆ... ಏನೋ ಒಂದು ಕಮ್ಮಿ ಅದೆ."

ಏನೆಂದು ಅವನಿಗೆ ಹೊಳೆಯಲಿಲ್ಲ. ನನಗೆ ಗೊತ್ತಿತ್ತು.

2-2-97
ಟಿ.ವಿ. ಪೆಟ್ಟಿಗೆಯ ಮರದ ಶಟರ್ ಎಳೆಯುವ ಸದ್ದು ಬೇಕಿತ್ತು. ನಮ್ಮದರ ಶಟರ್ ಗೆದ್ದಲ ಪಾಲು. ಬೆಳಗೊಳದ ಸೋಮಯ್ಯನ ಮನೆಯಲ್ಲಿದೆ ಎಂದರು, ಹೋದೆ. ಇದೆ — ಒಳಗೆ ಟಿ.ವಿ. ಇಲ್ಲ, ಕಾವು ಕೂತ ಕೋಳಿ ಇದೆ. ಶಟರ್ ಎಳೆದೆ. ಸರ್ರ್... ಕೊಕ್ಕೊಕ್ಕೋ! ಆರು ಸಲ ಎಳೆದರೂ ಕೋಳಿ ಬಿಡದೆ ದನಿಗೂಡಿಸಿತು. ಇರಲಿ, ಅದೂ ಇರಲಿ.

ಸದ್ದು ಸಿಕ್ಕಿತು,
ಕೈ ಕುಕ್ಕಿತು.

9-2-97
ಕಮ್ಮಿ ಇರುವುದು ತಾರಸಿಯ ಕೂಗು.

ಚಿತ್ರ ಕುಣಿದಾಗೆಲ್ಲ ಅಣ್ಣ ಮೇಲೆ ಹತ್ತುತ್ತಿದ್ದ. ಬಿಸಿಲೋ ಮಳೆಯೋ, ಅವನೇ. ಪೈಪು ತಿರುಗಿಸುತ್ತ "ಬಂತೇನ್ಲಾ?" ನಾನು ಕಿಟಕಿಯಲ್ಲಿ ತಲೆ ಹಾಕಿ "ಇನ್ನೂ ಇಲ್ಲ ಕಣಣ್ಣೋ!" ನಡುಮನೆಯ ಮೂವತ್ತು ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆ ಕೂಗಿಲ್ಲದೆ ಉಳಿದ ಸದ್ದೆಲ್ಲ ಬರೀ ರಿಪೇರಿ ಅಂಗಡಿ.

ಚಿಕ್ಕಸ್ವಾಮಿ ಕೂಗಿ ನೋಡಿದ. ನಾಯಕಿಯನ್ನು ಕರೆದಂತಿತ್ತು. ನಾನು ಕೂಗಿದೆ. ಸಾಲ ಕೇಳಿದಂತಿತ್ತು.

ಕೇಳಲೇಬೇಕು. ಅಣ್ಣನನ್ನೇ.

16-2-97
ಹಿತ್ತಲಲ್ಲಿ ಸಿದ್ದಲಿಂಗಮ್ಮ ಅತ್ತಿಗೆ ಬಟ್ಟೆ ಹರವುತ್ತಿದ್ದರು. ಅವರ ಮೂಲಕ ಕೇಳಿಸಿದೆ. ಗೋಡೆಯಾಚೆಯಿಂದ ಉತ್ತರ ನೇರವಾಗಿ ಕೇಳಿಸಿತು, ಹೇಳಿದ್ದು ಮಾತ್ರ ಅತ್ತಿಗೆಗೆ:

"ಪಾಲಲ್ಲಿ ನನ್ ಗಂಟ್ಲೂ ಅವನ್ಗೇ ಬರೆದಿದ್ರಾ? ಪತ್ರ ತಕ್ಕಂಬಾ ಅನ್ನು, ನೋಡವ!"

ಅತ್ತಿಗೆ ಕ್ಲಿಪ್ಪು ಕಚ್ಚಿಕೊಂಡೇ ನಕ್ಕರು. ನನಗೆ ನಗು ಬರಲಿಲ್ಲ. ಮಾತು ಚೆನ್ನಾಗಿತ್ತು, ಒಪ್ಪುತ್ತೇನೆ.

19-2-97, ಬುಧವಾರ
ರಜೆ ಹಾಕಿದೆ. ಟಿ.ವಿ. ಹೊತ್ತೆ. ಇಪ್ಪತ್ತೈದು ಕೇಜಿಗೆ ಕಮ್ಮಿಯಿಲ್ಲ. ನಮ್ಮ ಬಾಗಿಲಿಂದ ಅವನ ಬಾಗಿಲಿಗೆ ಹದಿನಾಲ್ಕು ಹೆಜ್ಜೆ; ಐದು ವರ್ಷದಲ್ಲಿ ಮೊದಲ ಸಲ ಇಟ್ಟೆ. ಅಣ್ಣ ಜಗಲಿಯಲ್ಲಿ ಕುಡುಗೋಲು ಮಸೆಯುತ್ತಿದ್ದ. ಅವನ ಪಕ್ಕ ಇಳಿಸಿದೆ.

"ಡಬ್ಬಾನೂ ನೀನೇ ಮಡಿಕೊ. ಸಾಕಾಯ್ತು ನಂಗೆ."

ತಲೆ ಎತ್ತಲಿಲ್ಲ. ಮಸೆಯುವುದನ್ನು ನಿಲ್ಲಿಸಿದ, ಅಷ್ಟೇ.

ಅಣ್ಣಮ್ಮ ರಾತ್ರಿ ಊಟಕ್ಕೆ ಬಡಿಸಿದಳು, ಮಾತು ಬಡಿಸಲಿಲ್ಲ.

21-2-97
ಟಿ.ವಿ. ಜಗಲಿಯಲ್ಲೇ ಇದೆ. ಇಬ್ಬನಿಗೆ ಅತ್ತಿಗೆ ಗೋಣಿಚೀಲ ಹೊದಿಸಿದ್ದಾರೆ. ಬೆಳಿಗ್ಗೆ ಎದ್ದು 'ಸೊಯ್' ಇಲ್ಲದೆ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ.

22-2-97, ಶನಿವಾರ, ಸಂಜೆ
ಆಫೀಸಿನಿಂದ ಬಂದರೆ ಡಬ್ಬ ನಮ್ಮ ನಡುಮನೆಯಲ್ಲಿ. ಅದೇ ಜಾಗ. ಹಿಂದೆ ಚಪ್ಪಟೆ ವೈರು. ವೈರು ಕಿಟಕಿ ದಾಟಿ, ಗೋಡೆ ಹತ್ತಿ, ಮೇಲೆ... ಅಣ್ಣಮ್ಮ ಬಾಯಿಗೆ ಸೆರಗಿಟ್ಟು ನಿಂತಿದ್ದಳು. "ಭಾವನೇ ಹೊತ್ಕಂಬಂದ್ರು."

ಹಾಕಿದೆ. 'ಸೊಯ್'. ತಲೆಯ ಮೇಲೆ ಪೈಪು ಕಿರ್ರೆಂದಿತು.

"ಬಂತೇನ್ಲಾ?"

ಟೇಪ್ ರೆಕಾರ್ಡರ್ ಕೈಗೆ ಸಿಕ್ಕಿತು, ಒತ್ತಿದೆ. ದನಿ ಕೊಂಚ ಒಡೆದಿದೆ, ಆದರೆ ಅದೇ. ಅಷ್ಟರಲ್ಲಿ ಪರದೆ ಒಮ್ಮೆ ಅಲುಗಿ ನಿಂತಿತು. ಚಿತ್ರ. ಕನ್ನಡಿಯಂಥ ಚಿತ್ರ. ಐದು ವರ್ಷದ ಮೇಲೆ, ಮೊದಲ ತಿರುವಿಗೇ.

ಬಂತು ಎಂದರೆ ಇಳಿದು ಹೋಗುತ್ತಾನೆ.

ಟಿ.ವಿ.ಯ ಸದ್ದು ಪೂರ್ತಿ ಇಳಿಸಿದೆ. ಕಿಟಕಿಯಲ್ಲಿ ತಲೆ ಹಾಕಿದೆ. "ಇನ್ನೂ ಇಲ್ಲ ಕಣಣ್ಣೋ!"

"ಈಗ?"

"ಇಲ್ಲ! ಮೈಸೂರ್ ಕಡೀಕೆ ತಿರುಗ್ಸು!"

"ತಿರುಗ್ಸಿವ್ನಿ ಕಣ್ಲಾ, ಕಣ್ ಬುಟ್ಕಂಡ್ ನೋಡು!"

"ನೆಳ್ ನೆಳ್ಳಂಗೆ ಕಾಣ್ತದೆ, ಆಮೇಕೆ ಹೊಂಟೋಯ್ತದೆ!"

"ನಿಂದೂ ಅಂಗೇ ಅಲ್ವೇನ್ಲಾ ಬುದ್ಧಿ!"

ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯಿತು. ಅರ್ಧ ಗಂಟೆ. ಆಮೇಲೂ ಇಲ್ಲ, ಇಲ್ಲ ಎನ್ನುತ್ತಲೇ ಇದ್ದೆ. ಕತ್ತಲಾಯಿತೆಂದು ಇಳಿದ. "ನಾಳೀಕ್ ನೋಡವ" ಅಂದ. ನನಗೇ ಅಂದ.

23-2-97, ಭಾನುವಾರ, ಬೆಳಿಗ್ಗೆ 6:30
ಕೂಗನ್ನು ಕ್ಯಾಸಿಯೊ ನುಂಗಿದೆ. ಎರಡು ಗಂಟೆಗೆ ಚಿಕ್ಕಸ್ವಾಮಿಯ ವ್ಯಾನು, ನಾಗಮಂಗಲಕ್ಕೆ. ವ್ಯಾನಿನಲ್ಲಿ ಇನ್ನೊಂದು ಸೀಟು ಕೇಳಬೇಕು. ಬರುತ್ತಾನೋ ಇಲ್ಲವೋ, ಕೇಳುವುದಂತೂ ಖಂಡಿತ, ಅತ್ತಿಗೆಯ ಮೂಲಕವಲ್ಲ.

ಅತ್ತಿಗೆ ಈಗಷ್ಟೇ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಿದ್ದರು. ಮಜ್ಜಿಗೆ ಅವರ ಮನೆಯಲ್ಲೂ ಇರುತ್ತದೆ. ಹೊರಡುವಾಗ ಮೆಲ್ಲಗೆ, "ನೋಡಪ್ಪ, ನೆನ್ನೆ ಮೊದ್ಲೇ ಚಿತ್ರ ಬಂದಿದ್ದು ನಿಮ್ಮಣ್ಣಂಗೂ ಗೊತ್ತು. ಎದುರು ಮನೆ ಕಿಟ್ಕಿ ಗಾಜಲ್ಲಿ ಕಾಣ್ತಿತ್ತಂತೆ."

ಮೇಲೆ ಹೆಜ್ಜೆ ಸದ್ದು. ಮತ್ತೆ ಹತ್ತಿದ್ದಾನೆ. ಪೈಪು ಕಿರ್ರೆನ್ನುತ್ತಿದೆ. ಟಿ.ವಿ. ಇನ್ನೂ ಹಾಕಿಯೇ ಇಲ್ಲ, ಆಗಲೇ ಕೂಗುತ್ತಿದ್ದಾನೆ. ಉತ್ತರ ಕೊಡದಿದ್ದರೆ ಬೀದಿಯೆಲ್ಲ ಎದ್ದೀತು — ತಡಿ, ಬಂದೆ ಕಣಣ್ಣ, ಬಂ—